ಅಳೋ ಪ್ಲೇಟು

ನನ್ನ ಗಂಡನ ಅಣ್ಣನನ್ನು ನಾನು ಮೂವತ್ತು ವರ್ಷಕ್ಕೂ ಮೇಲೆ ಮಾತಾಡಿಸಿರಲಿಲ್ಲ. ಒಂದೇ ಊರು, ಒಂದೇ ಮನೆ, ನಡುವೆ ಗೋಡೆ ಎಬ್ಬಿಸಿ ಎರಡು ಮಾಡಿಕೊಂಡಿದ್ದೇವೆ. ಅವರು ಕೆಮ್ಮಿದರೆ ನನಗೆ ಕೇಳಿಸುತ್ತದೆ, ನಾನು ಒಗ್ಗರಣೆ ಹಾಕಿದರೆ ಅವರು ಸೀನುತ್ತಾರೆ. ಆದರೂ ಮಾತಿಲ್ಲ. ನಮ್ಮ ಮಂಡ್ಯದ ಕಡೆ ಇದಕ್ಕೆ ‘ಮಾತು ಬಿಟ್ಟಿರೋದು’ ಅನ್ನುತ್ತಾರೆ. ಬೇರೆ ಕಡೆಯ ಜನ ಬೀಡಿ ಬಿಡುತ್ತಾರೆ, ಕಾಫಿ ಬಿಡುತ್ತಾರೆ. ನಾವು ಮಾತು ಬಿಡುತ್ತೇವೆ, ಒಂದು ಸಲ ಬಿಟ್ಟರೆ ಮತ್ತೆ ಹಿಡಿಯುವವರಲ್ಲ.

ಅಂಥ ಭಾವ ಕಳೆದ ವರ್ಷ ಒಂದು ಮಧ್ಯಾಹ್ನ ಮದ್ದೂರಿನ ನನ್ನ ಅಂಗಡಿ ಮುಂದೆ ಆಟೋದಿಂದ ಇಳಿದರು. ತಾಲ್ಲೂಕು ಕಚೇರಿಗೆ ಹೋಗುವ ದಾರಿಯಲ್ಲಿ ನನ್ನದೊಂದು ಜೆರಾಕ್ಸು ಮತ್ತು ಕಂಪ್ಯೂಟರ್ ಅಂಗಡಿ ಇದೆ. ಪಹಣಿ ತೆಗೆದುಕೊಡುತ್ತೇನೆ, ಜಾತಿ ಸರ್ಟಿಫಿಕೇಟಿಗೆ ಅರ್ಜಿ ಹಾಕಿಕೊಡುತ್ತೇನೆ, ಆಧಾರ್ ಕಾರ್ಡಿಗೆ ಪ್ಲಾಸ್ಟಿಕ್ ಅಂಟಿಸಿಕೊಡುತ್ತೇನೆ. ನನ್ನ ಬಾಯಲ್ಲಿ ದಿನವಿಡೀ ಬರುವ ಮಾತು ‘ಸರ್ವರ್ ಡೌನ್’. ದೇವರ ಹೆಸರನ್ನೂ ನಾನು ಅಷ್ಟು ಸಲ ಹೇಳಿದವಳಲ್ಲ. ಕೆಲವರು ಗೊಣಗುತ್ತಾರೆ, ಕೆಲವರು ಸರ್ವರ್ರಿನ ಬದಲು ನನ್ನನ್ನೇ ಬೈಯುತ್ತಾರೆ, ನಾನೂ ತಿರುಗಿಸಿ ಬೈಯುತ್ತೇನೆ. ನಯವಿನಯ ಇರುವವರಿಗೆ ಈ ವ್ಯಾಪಾರ ಆಗಿಬರುವುದಿಲ್ಲ.

ಆಟೋದವನು ಒಂದು ಯೂರಿಯಾ ಚೀಲವನ್ನೂ ಒಂದು ತಗಡಿನ ಟ್ರಂಕನ್ನೂ ಇಳಿಸಿ ಹೋದ. ಬಿಚ್ಚುವ ಮೊದಲೇ ಒಳಗಿರುವುದು ಏನೆಂದು ನನಗೆ ಗೊತ್ತಾಯಿತು. ಭಾವನದು ಒಂದು ಕಾಲದಲ್ಲಿ ಮೈಕ್‌ಸೆಟ್ಟು. ಸುತ್ತ ಹತ್ತು ಹಳ್ಳಿಯ ಮದುವೆಗಳಿಗೆ ತೆಂಗಿನಮರದ ಮೇಲೆ ಸ್ಪೀಕರ್ ಹಾರನ್ನು ಕಟ್ಟಿ, ಚಪ್ಪರದ ಮೂಲೆಯಲ್ಲಿ ಕೂತು ಗ್ರಾಮಫೋನ್ ಪ್ಲೇಟು ಹಾಕುತ್ತಿದ್ದವರು ಅವರೇ. ಆಮೇಲೆ ಕ್ಯಾಸೆಟ್ಟು ಬಂತು, ಸೀಡಿ ಬಂತು, ಡೀಜೆ ಬಂತು. ಭಾವ ಹಾರನ್ನನ್ನು ಗುಜರಿಗೆ ಹಾಕಿ ಗದ್ದೆಗೆ ಇಳಿದರು. ಪ್ಲೇಟುಗಳನ್ನೂ ಅವುಗಳನ್ನು ತಿರುಗಿಸುವ ಪೆಟ್ಟಿಗೆಯನ್ನೂ ಮಾತ್ರ ಅಟ್ಟದ ಮೇಲೆ ಇಟ್ಟುಕೊಂಡಿದ್ದರು.

ಮಾತು ಬಿಟ್ಟವರು ಅನಿವಾರ್ಯವಾಗಿ ಮಾತಾಡಲೇಬೇಕಾದರೆ ಅದಕ್ಕೂ ಒಂದು ಕ್ರಮವಿದೆ. ನಡುವೆ ಏನಾದರೂ ಇರಬೇಕು. ಮಗು ಇದ್ದರೆ ಮಗು, ದನ ಇದ್ದರೆ ದನ. ಭಾವ ನನ್ನ ಜೆರಾಕ್ಸ್ ಮಿಷನ್ನಿನ ಕಡೆ ತಿರುಗಿ ಹೇಳಿದರು.

“ಈ ಆಡ್ನೆಲ್ಲ ಕಂಪೂಟ್ರಿಗೆ ಆಕಿ ಪೆನ್‌ಡ್ರೈವ್ಗೆ ತುಂಬ್ಕೊಡ್ತಾರಂತೆ. ಮಗ್ಳು ಮದ್ವೆ ಅದೆ. ಚೌಲ್ಟ್ರೀಲಿ ಆಕಿಸ್ಬೇಕು.”

ನಾನು ಕೀಬೋರ್ಡಿಗೆ ಹೇಳಿದೆ. “ಇಲ್ಲಿ ಪಹಣಿ ತೆಗೀತಾರೆ. ಗುಜರಿ ಅಂಗಡಿ ಆಚೆ ಬೀದೀಲಿ ಅದೆ.”

“ಮಂಡ್ಯದಲ್ಲೂ ಕೇಳ್ದೆ. ಯಾರ್ಗೂ ಬರಕಿಲ್ವಂತೆ,” ಅಂದರು ಜೆರಾಕ್ಸ್ ಮಿಷನ್ನಿಗೆ.

ಎತ್ತಿಕೊಂಡು ಹೋಗಿ ಅನ್ನುವಷ್ಟರಲ್ಲಿ ನನ್ನ ಕಣ್ಣು ಟ್ರಂಕಿನ ಮೇಲೆ ಬಿತ್ತು. ಈ ಟ್ರಂಕಿನೊಳಗೆ ಆ ಪ್ಲೇಟು ಇರಲೇಬೇಕು ಅನ್ನಿಸಿತು. ನಾನು ಮಾತು ಬಿಡುವುದಕ್ಕೆ ಕಾರಣವಾದ ಪ್ಲೇಟು ಅದು. ಅದು ನನ್ನ ಕೈಗೆ ಸಿಕ್ಕರೆ ಅವರ ಮಗಳ ಮದುವೆಯಲ್ಲಿ ಏನು ಮಾಡಬಹುದು ಎಂದು ಹೊಳೆದು, ಹೊಟ್ಟೆಯೊಳಗೆ ತಣ್ಣಗೆ ನೀರು ಇಳಿದ ಹಾಗಾಯಿತು.

“ಇಟ್ಟು ಹೋಗಲಿ,” ಅಂದೆ ಕೀಬೋರ್ಡಿಗೆ.

ಆ ಪ್ಲೇಟಿನ ಕಥೆ ಹೇಳಬೇಕಾದರೆ ನನ್ನ ಮದುವೆಯ ದಿನಕ್ಕೆ ಹೋಗಬೇಕು. ಆಗ ಮೈಕ್‌ಸೆಟ್ಟು ಬರೀ ಹಾಡು ಕೇಳಿಸುವ ಯಂತ್ರವಾಗಿರಲಿಲ್ಲ. ಗದ್ದೆಯಲ್ಲಿ ಕಳೆ ಕೀಳುತ್ತಿದ್ದವರಿಗೂ ಮದುವೆಮನೆಯಲ್ಲಿ ಏನು ನಡೆಯುತ್ತಿದೆ ಎಂದು ಅದು ಸಾರುತ್ತಿತ್ತು. ಬೆಳಿಗ್ಗೆ ದೇವರ ಪ್ಲೇಟು, ಹೆಣ್ಣಿನ ಕಡೆಯವರನ್ನು ಎದುರುಗೊಳ್ಳುವಾಗ ಸ್ವಾಗತದ ಪ್ಲೇಟು, ಧಾರೆಗೆ ನಾಗಸ್ವರದ್ದು, ಊಟಕ್ಕೆ ಸಿನಿಮಾದ್ದು. ಊಟದ ಪ್ಲೇಟು ಕೇಳಿದ ಮೇಲೆಯೇ ಜನ ಗದ್ದೆಯಿಂದ ಕೈಕಾಲು ತೊಳೆದು ಬರುತ್ತಿದ್ದರು. ತಮ್ಮ ಪಂಕ್ತಿ ಕೂರುವ ಮೊದಲೇ ಊಟದ ಪ್ಲೇಟು ಹಾಕಿದರೆಂದು ಬೀಗರು ಎದ್ದು ಹೋಗಿದ್ದೂ ಉಂಟು. ತಪ್ಪು ಹೊತ್ತಿಗೆ ತಪ್ಪು ಪ್ಲೇಟು ಹಾಕಿದರೆ ಮುಖಕ್ಕೆ ಉಗಿದಂತೆ.

ನಾನು ಮಳವಳ್ಳಿ ಕಡೆಯ ಹುಡುಗಿ. ಮದುವೆ ಗಂಡಿನ ಊರಿನಲ್ಲಿ. ಊರಬಾಗಿಲಲ್ಲಿ ನಮ್ಮ ಮದುವೆ ಬಸ್ಸು ನಿಂತಿತು. ಆರತಿ ಹಿಡಿದು ಎದುರು ಬಂದವರು ಗಂಡಿನ ಸೋದರತ್ತೆ, ಬಂಡೂರಿಗೆ ಕೊಟ್ಟಿದ್ದ ಹೆಂಗಸು. ಅವತ್ತು ಕರೆಂಟು ಇರಲಿಲ್ಲ. ಸೆಟ್ಟು ಲಾರಿ ಬ್ಯಾಟರಿಯ ಮೇಲೆ ಓಡುತ್ತಿತ್ತು. ನಾನು ಬಸ್ಸಿನ ಮೆಟ್ಟಿಲಿಂದ ಬಲಗಾಲು ಕೆಳಗಿಟ್ಟೆ, ತೆಂಗಿನಮರದ ಹಾರನ್ನಿನಿಂದ ಒಬ್ಬ ಗಂಡಸು ಅಳತೊಡಗಿದ.

ಹಾಡು ಎಂದು ಹೇಳಲಾರೆ. ಮಾತು ಒಂದೂ ತಿಳಿಯುತ್ತಿರಲಿಲ್ಲ. ಸಾವಿನ ಮನೆಯಲ್ಲಿ ಎದೆ ಬಡಿದುಕೊಂಡು ಅತ್ತು ಅತ್ತು ಗಂಟಲು ಬಿದ್ದವರು ಎಳೆದೆಳೆದು ಅಳುತ್ತಾರಲ್ಲ, ಹಾಗೆ. ಗಂಡಿನ ಕಡೆಯ ಹೆಂಗಸರು ಬಾಯಿಗೆ ಸೆರಗು ಹಚ್ಚಿಕೊಂಡು ನಕ್ಕರು. ನಮ್ಮವ್ವ ನನ್ನ ಮುಂಗೈಯನ್ನು ಬಳೆ ಒಡೆಯುವ ಹಾಗೆ ಹಿಡಿದಳು. ನನ್ನ ಮಾವನವರು ಚಪ್ಪರದ ಕಡೆ ತಿರುಗಿ ಕೂಗಿದರು.

“ಯಾವ್ದ್ಲಾ ಅದು ಆಕಿರೋ ಪ್ಲೇಟು? ಎಣ್ಣು ಬತ್ತಾವ್ಳೆ, ಅಳೋದು ಆಕಿದ್ದೀಯಲ್ಲೋ!”

ಭಾವ ಮೂಲೆಯಿಂದ ಎದ್ದು ನಿಂತರು. ತಪ್ಪಾಯ್ತು ಅಂದಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಎರಡು ಊರಿನ ಜನದ ಎದುರಿಗೆ ಅವರು ಹೇಳಿದ್ದು ಇಷ್ಟು. “ನನ್ ಸೆಟ್ಟು, ನನ್ ಪ್ಲೇಟು, ನನ್ನಿಷ್ಟ. ಬೇಕು ಅಂತ್ಲೇ ಆಕ್ದೆ.”

ಧಾರೆಯೇನೋ ಆಯಿತು. ಆದರೆ ನಮ್ಮವ್ವ ಬಸ್ಸು ಹತ್ತುವಾಗ ಎಲ್ಲರಿಗೂ ಕೇಳುವಂತೆ ಹೇಳಿದಳು, “ನನ್ ಮಗಳ್ನ ಅತ್ಕಂಡು ಕರ್ಕಂಡ ಊರ್ಗೆ ಇನ್ನು ನಾನು ಕಾಲಿಡಕಿಲ್ಲ.” ಇಡಲೂ ಇಲ್ಲ. ನನ್ನ ಮಗನ ನಾಮಕರಣಕ್ಕೆ ಬರಲಿಲ್ಲ. ಮನೆ ಪಾಲಾದ ಮೇಲೆ ನಾವು ಒಲೆ ಹೂಡಿದ ದಿನಕ್ಕೂ ಬರಲಿಲ್ಲ. ಮಳವಳ್ಳಿ ಬಸ್ಸಿನಲ್ಲಿ ಮದ್ದೂರಿನ ತನಕ ಬರುತ್ತಿದ್ದಳು. ನಾನು ಊರಿಂದ ಬರುತ್ತಿದ್ದೆ. ಬಸ್‌ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಕೂತು ರಾಗಿಹಿಟ್ಟು, ಉಪ್ಪಿನಕಾಯಿ, ಹುರುಳಿಕಾಳಿನ ಗಂಟು ಕೊಟ್ಟು, ಮೊಮ್ಮಗನನ್ನು ಮಡಿಲಲ್ಲಿ ಕೂರಿಸಿಕೊಂಡು ವಡೆ ತಿನ್ನಿಸಿ, ಮುಂದಿನ ಬಸ್ಸಿಗೆ ವಾಪಸು ಹೋಗುತ್ತಿದ್ದಳು. ನನ್ನ ಮನೆಯ ಒಲೆ ಯಾವ ದಿಕ್ಕಿಗಿದೆ ಎಂದು ಅವಳಿಗೆ ಗೊತ್ತಿರಲಿಲ್ಲ. ನನ್ನ ಮನೆ ನೋಡದೆಯೇ ಸತ್ತಳು. ಅದನ್ನು ನಾನು ಭಾವನ ಲೆಕ್ಕಕ್ಕೇ ಹಾಕಿದ್ದೇನೆ.

ಈಗ ತಿಳಿಯಿತಲ್ಲ, ನಾನು ಆ ಟ್ರಂಕನ್ನು ಯಾಕೆ ಇಟ್ಟುಕೊಂಡೆ ಎಂದು. ಅವರ ಮಗಳು ಚೌಲ್ಟ್ರಿಯ ಬಾಗಿಲು ದಾಟಿ ಒಳಗೆ ಬರುವಾಗ ಅದೇ ಅಳು ಮೊಳಗಬೇಕು. ಬೀಗರು ಮುಖ ಮುಖ ನೋಡಿಕೊಳ್ಳಬೇಕು. ಆ ಹುಡುಗಿ ನನಗೇನೂ ಮಾಡಿರಲಿಲ್ಲ, ನಿಜ. ಅವತ್ತು ನಾನೂ ಯಾರಿಗೂ ಏನೂ ಮಾಡಿರಲಿಲ್ಲ.

ಅಳು ಹುಡುಕುವುದಕ್ಕೆ ಮೊದಲು ಪೆಟ್ಟಿಗೆಯ ಬಾಯಿ ಬಿಡಿಸಬೇಕಿತ್ತಲ್ಲ. ಅದು ಅದರ ಯಜಮಾನನ ಹಾಗೆಯೇ ಹಠಮಾರಿ. ಚಕ್ರ ತಿರುಗಿಸುವ ರಬ್ಬರು ಬಿರುಕು ಬಿಟ್ಟಿತ್ತು, ಪಿನ್ನು ಸವೆದು ಮೊಂಡಾಗಿತ್ತು. ಎರಡಕ್ಕೂ ಮಂಡ್ಯದ ಹಳೇ ರೇಡಿಯೋ ಅಂಗಡಿಗೆ ಅಲೆದೆ. ಪೆಟ್ಟಿಗೆಯಿಂದ ಹೊರಬರುವ ವೈರಿನ ತುದಿಗಳು ಹೆಬ್ಬೆರಳಿನಷ್ಟು ದಪ್ಪ, ಕಂಪ್ಯೂಟರಿನ ತೂತು ಮೂಗುಬೊಟ್ಟು ಹೋಗುವಷ್ಟು. ಮೊಬೈಲ್ ಅಂಗಡಿಯಿಂದ ವೈರು ತಂದು, ತುದಿ ಕತ್ತರಿಸಿ, ಬೆಸುಗೆ ಹಾಕಿಸಿ, ಕಂಪ್ಯೂಟರಿನ ಹಿಂದಿದ್ದ ಗುಲಾಬಿ ಬಣ್ಣದ ತೂತಿಗೆ ಚುಚ್ಚಿದೆ. ದೇವರ ಪ್ಲೇಟು ಹಾಕಿದೆ. ದೇವರು ಕಿರುಚಿದ. ಆ ತೂತು ಬಾಯಿಗೆ ಹಿಡಿಯುವ ಮೈಕಿಗಂತೆ. ಅಷ್ಟು ದೊಡ್ಡ ಸದ್ದನ್ನು ಅದು ತಡೆದುಕೊಳ್ಳುವುದಿಲ್ಲವಂತೆ.

ನೀಲಿ ತೂತಿಗೆ ಚುಚ್ಚಿದೆ. ಕಿರುಚುವುದು ನಿಂತು, ಪಕ್ಕದ ಬೀದಿಯಲ್ಲಿ ಯಾರೋ ಹಾಡುತ್ತಿದ್ದಾರೆ ಅನ್ನುವಷ್ಟು ಸಣ್ಣಗೆ ಕೇಳಿಸಿತು. ನಡುವೆ ಸದ್ದು ಏರಿಸುವ ಒಂದು ಚಿಕ್ಕ ಡಬ್ಬಿ ಬೇಕೆಂದು ಗೊತ್ತಾಗಿ ಅದನ್ನೂ ತಂದೆ. ಹಾಡು ಜೋರಾಯಿತು, ಜೊತೆಗೆ ಗುಂಯ್ ಅನ್ನುವ ಒಂದು ಸದ್ದೂ ಜೋರಾಯಿತು. ಜೇನುಗೂಡಿಗೆ ಕಲ್ಲು ಹೊಡೆದಂತೆ. ಮೂರು ದಿನ ಆ ಗುಂಯ್ ನನ್ನ ತಲೆ ತಿಂದಿತು. ಪಹಣಿಗೆ ಬಂದವರ ಮೇಲೆ ವಿನಾಕಾರಣ ಹರಿಹಾಯ್ದೆ. ಕೊನೆಗೆ ಪೆಟ್ಟಿಗೆಯ ತಗಡಿನಿಂದ ಒಂದು ತೆಳು ತಂತಿ ಎಳೆದು ಕಂಪ್ಯೂಟರಿನ ಹಿಂಬದಿಯ ಸ್ಕ್ರೂಗೆ ಬಿಗಿದೆ. ಗುಂಯ್ ಅನ್ನುವುದು ತಟ್ಟನೆ ನಿಂತುಹೋಯಿತು. ಅಂಗಡಿಯಲ್ಲಿ ಯಾರೂ ಇರಲಿಲ್ಲ, ಇದ್ದಿದ್ದರೆ ಅವತ್ತು ಒಬ್ಬರಿಗಾದರೂ ನಗುಮುಖದಲ್ಲಿ ಪಹಣಿ ಸಿಗುತ್ತಿತ್ತು.

ಆಮೇಲೆ ಸರ್ವರ್ ಡೌನ್ ಆದಾಗಲೆಲ್ಲ ಪ್ಲೇಟು ಹಾಕುವುದೇ ಕೆಲಸವಾಯಿತು. ಪ್ಲೇಟಿನ ಹಾಡು ಬೆರಳಲ್ಲಿ ಎಳೆದು ಹಾಕಿಕೊಳ್ಳುವ ಫೋಟೋ ಅಲ್ಲ. ಹಾಡು ಎಷ್ಟು ಹೊತ್ತೋ ನಾವೂ ಅಷ್ಟು ಹೊತ್ತು ಕೂರಬೇಕು. ಮೊದಲು ಚಿಕ್ಕ ಪ್ಲೇಟುಗಳನ್ನು ಮುಗಿಸಿದೆ. ಅವಕ್ಕೆ ಪೆಟ್ಟಿಗೆಯ ವೇಗದ ಸನ್ನೆಯನ್ನು ನಲವತ್ತೈದಕ್ಕೆ, ಅಂದರೆ ನಿಮಿಷಕ್ಕೆ ಅಷ್ಟು ಸುತ್ತಿಗೆ, ಇಡಬೇಕು. ಆಮೇಲೆ ಸನ್ನೆಯನ್ನು ಮೂವತ್ತಮೂರಕ್ಕೆ ತಳ್ಳಿ ದೊಡ್ಡ ಪ್ಲೇಟುಗಳನ್ನು ಹಾಕಿದೆ. ನನ್ನಂಥವಳಿಗೂ ಕೆಲವು ಹಾಡು ಹಿಡಿಸಿದವು. ಆದರೆ ಎಲ್ಲವೂ ಸಾಸಿವೆ ಸಿಡಿಸಿಕೊಂಡೇ ಹಾಡುತ್ತಿದ್ದವು. ಅಷ್ಟು ಮದುವೆಗಳ ದೂಳು ಕುಡಿದಿದ್ದವು.

ಅಳು ಮಾತ್ರ ಎಲ್ಲೂ ಇರಲಿಲ್ಲ. ಒಂದೊಂದು ಪ್ಲೇಟಿನ ಎರಡೂ ಮಗ್ಗುಲು ಕೇಳಿದೆ. ಗಂಡಸರು ಹಾಡಿದ ದುಃಖದ ಹಾಡು ನಾಲ್ಕಾರು ಇದ್ದವು, ಆದರೆ ಅದು ಅವಲ್ಲ. ಮೂವತ್ತು ವರ್ಷ ಕಿವಿಯಲ್ಲಿ ಇಟ್ಟುಕೊಂಡದ್ದನ್ನು ನಾನು ತಪ್ಪಿ ಗುರುತಿಸುವವಳಲ್ಲ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಜಾತಿ, ಅದೊಂದನ್ನು ಮನೆಯಲ್ಲೇ ಬಚ್ಚಿಟ್ಟು ಬಂದಿದ್ದಾರೆ ಎಂದು ಹಲ್ಲು ಕಡಿದೆ.

ಟ್ರಂಕಿನ ತಳಕ್ಕೆ ಹಾಸಿದ್ದ ಹಳೇ ಪೇಪರನ್ನು ಎತ್ತಿದಾಗ ಅದರ ಕೆಳಗೊಂದು ಪೇಪರಿನ ಪೊಟ್ಟಣ ಸಿಕ್ಕಿತು. ಒಳಗೆ ಒಂದು ಚಿಕ್ಕ ಪ್ಲೇಟು. ಮಿಕ್ಕವೆಲ್ಲ ಗೀರು ಬಿದ್ದು ಬೂದು ಬಣ್ಣಕ್ಕೆ ತಿರುಗಿದ್ದರೆ ಇದು ಎಣ್ಣೆ ಸವರಿದ ಹಾಗೆ ಕರ್ರಗೆ ಹೊಳೆಯುತ್ತಿತ್ತು. ಯಾರೂ ಮುಟ್ಟದ ಪ್ಲೇಟು. ತಿರುಗುತ್ತಿದ್ದ ಚಕ್ರದ ಮೇಲೆ ಹಾಗೇ ಇಟ್ಟು ಪಿನ್ನು ಇಳಿಸಿದೆ.

ಆ ಗಂಡಸು ಅಳತೊಡಗಿದ.

ಅದೇ ಎಳೆತ, ಅದೇ ಗಂಟಲು. ಬಸ್ಸಿನ ಮೆಟ್ಟಿಲು, ಸೆರಗು ಬಾಯಿಗೆ ಹಚ್ಚಿದ ಹೆಂಗಸರು, ನಮ್ಮವ್ವನ ಹಿಡಿತ ಎಲ್ಲ ಎದುರಿಗೆ ಬಂದು ನಿಂತವು. ಅಳು ಬಂತು, ಅದಕ್ಕಿಂತ ಮೊದಲು ಸಿಟ್ಟು ಬಂತು, ಎರಡಕ್ಕೂ ಮೊದಲು ಖುಷಿಯಾಯಿತು. ಸಿಕ್ಕಿಬಿದ್ದ ಅಂದುಕೊಂಡೆ. ಕೊನೆಯ ತನಕ ತುಂಬಿಸಿಕೊಂಡು ಪೆನ್‌ಡ್ರೈವಿನಲ್ಲಿ ಎಲ್ಲಕ್ಕಿಂತ ಮೊದಲಿಗೆ ಅದನ್ನೇ ಇಟ್ಟೆ.

ಪ್ಲೇಟು ಎತ್ತಿ ಪೊಟ್ಟಣಕ್ಕೆ ಹಾಕುವಾಗ ನಡುವಿನ ಕಾಗದದ ಮೇಲೆ ಅಚ್ಚಾಗಿದ್ದ ಅಂಕಿ ಕಂಡಿತು. ನಲವತ್ತೈದು. ಸನ್ನೆ ನೋಡಿದೆ. ದೊಡ್ಡ ಪ್ಲೇಟುಗಳಿಗೆ ಇಟ್ಟಿದ್ದ ಮೂವತ್ತಮೂರರಲ್ಲೇ ಇತ್ತು. ಅಂದರೆ ನಾನು ಅದನ್ನು ನಿಧಾನವಾಗಿ ತಿರುಗಿಸಿದ್ದೆ.

ಸನ್ನೆ ಸರಿಮಾಡಿ ಮತ್ತೆ ಹಾಕಿ, ಅದನ್ನೂ ಎರಡನೆಯದಾಗಿ ತುಂಬಿಸಿಕೊಂಡೆ. ಗಂಡಸು ಇರಲೇ ಇಲ್ಲ. ಒಬ್ಬಳು ಹುಡುಗಿ, ಇನ್ನೂ ಮದುವೆಯಾಗದವಳ ಎಳೆ ಗಂಟಲು, ನಗುನಗುತ್ತಾ ಹಾಡುತ್ತಿದ್ದಳು. ಬಾಗಿಲಿಗೆ ತೋರಣ ಕಟ್ಟಿದೆ, ಸೇರಕ್ಕಿ ತುಂಬಿಟ್ಟಿದೆ, ಬಲಗಾಲಿಟ್ಟು ಬಾ ಎಂದು ಹೊಸ ಸೊಸೆಯನ್ನು ಕರೆಯುವ ಹಾಡು. ಒಂದು ಚೂರೂ ಸಾಸಿವೆ ಸಿಡಿಯಲಿಲ್ಲ. ಆ ಪ್ಲೇಟು ಜನರೆದುರು ಒಂದೇ ಒಂದು ಸಲ ಓಡಿತ್ತು, ನನ್ನ ಮದುವೆಯ ದಿನ, ಸಾಯುತ್ತಿದ್ದ ಬ್ಯಾಟರಿಯ ಮೇಲೆ, ಹೀಗೇ ನಿಧಾನವಾಗಿ.

ಅಳೋ ಪ್ಲೇಟು ಅನ್ನುವುದೊಂದು ಇರಲೇ ಇಲ್ಲ.

ನಾನು ಕರಗಿಹೋದೆ ಎಂದು ಯಾರೂ ತಿಳಿಯಬೇಡಿ. ಇನ್ನಷ್ಟು ಉರಿದೆ. ಬ್ಯಾಟರಿ ಕೂತುಹೋಗುವುದು ಯಾರ ತಪ್ಪೂ ಅಲ್ಲ. ಹಾಗಿದ್ದ ಮೇಲೆ ‘ಬೇಕು ಅಂತ್ಲೇ ಆಕ್ದೆ’ ಅಂದದ್ದು ಯಾತಕ್ಕೆ?

ಮಾರನೆಯ ವಾರ ಭಾವ ಬಂದು ಜೆರಾಕ್ಸ್ ಮಿಷನ್ನನ್ನು ಕೇಳಿದರು, “ಆಯ್ತಂತಾ?” ನಾನು ಸ್ಪೀಕರ್ ಜೋರು ಮಾಡಿ ಅಳುವುದನ್ನು ಹಾಕಿದೆ. ಅವರು ಮೇಜಿನ ಅಂಚು ಹಿಡಿದುಕೊಂಡರು. ಅದು ಮುಗಿದ ಮೇಲೆ ನಗುವುದನ್ನು ಹಾಕಿದೆ. ಆ ಹುಡುಗಿ ಎರಡನೇ ಸಾಲಿಗೆ ಬರುವಷ್ಟರಲ್ಲಿ ಭಾವ ಸ್ಟೂಲಿನ ಮೇಲೆ ಕೂತಿದ್ದರು. ಜೆರಾಕ್ಸ್ ಮಿಷನ್ನನ್ನು ಬಿಟ್ಟು ನನ್ನ ಮುಖವನ್ನೇ ನೋಡಿದರು.

“ಬ್ಯಾಟ್ರಿ ಕೂತೋಯ್ತು ಕಣವ್ವ,” ಅಂದರು.

“ಅದನ್ನ ಅವತ್ತೇ ಯಾಕೆ ಹೇಳಲಿಲ್ಲ ಭಾವ?” ಮಾತು ಹಿಡಿದಾಗಿತ್ತು, ಇನ್ನು ನಿಲ್ಲಿಸುವುದು ನನ್ನಿಂದಾಗಲಿಲ್ಲ. “ದಿನಕ್ಕೆ ನೂರು ಸಲ ಸರ್ವರ್ ಡೌನು, ಸರ್ವರ್ ಡೌನು ಅಂತೀನಿ. ನನ್ ಮಾನ ಏನಾದ್ರೂ ಹೋಯ್ತಾ? ನಿಮಗೆ ಒಂದು ಸಲ ಬ್ಯಾಟರಿ ಡೌನು ಅನ್ನಕ್ಕೆ ನಾಲಗೆ ಬಿದ್ದೋಗಿತ್ತಾ?”

“ನಿಂಗೊತ್ತಿಲ್ಲ ಬುಡವ್ವ. ಸೋಮನಳ್ಳೀಲಿ ಒಬ್ಬ ಸೆಟ್‌ನೋನಿದ್ದ. ಒಂದು ಮದ್ವೇಲಿ ಅವ್ನ ಬ್ಯಾಟ್ರಿ ಕೂತ್ಕತು. ಅವತ್ತಿಂದ ಅವ್ನ ಎಸ್ರೇ ಡೌನಪ್ಪ ಅಂತಾಯ್ತು. ಇಸ್ಕೂಲಲ್ಲಿ ಅವ್ನ ಮಕ್ಕಳ್ನೂ ಡೌನ್ ಡೌನ್ ಅಂತಿದ್ರು. ಆಮೇಕೆ ಒಬ್ರೂ ಅವ್ನ ಸೆಟ್ಟು ಕರೀಲಿಲ್ಲ. ಕೆಟ್ಟೋನು ಅನ್ನಿಸ್ಕಂಡ್ರೂ ಸೆಟ್ಟು ಕರೀತಾರೆ. ಡೌನಪ್ಪನ್ನ ಕರೀತಾರಾ?”

“ಅದಕ್ಕೆ ನನ್ನ ಹೆಣದ ಹಾಗೆ ಕರ್ಕೊಂಡ್ರಾ?”

“ಒಸಾ ಪ್ಲೇಟು. ನಿಂಗೇ ಅಂತ ಮೈಸೂರಿಂದ ತಂದಿದ್ದೆ. ಯಾರೂ ಕೇಳಿರ್ನಿಲ್ಲ. ಆ ಆಡೇ ಅಂಗದೆ ಅಂದ್ಕತಾರೆ ಅಂತ ಅಂಗಂದ್ಬುಟ್ಟೆ. ಮತ್ತೊಂದ್ ಕಿತ ಆಕಿದ್ರೆ ಗುಟ್ಟು ಗೊತ್ತಾಯ್ತದೆ ಅಂತ ಕಟ್ಟಿ ಇಟ್ಟೆ.” ಸ್ಪೀಕರಿನ ಕಡೆ ಕೈ ತೋರಿಸಿ ಹೇಳಿದರು, “ನನ್ ಮಗ್ಳಾದ್ರೂ ಆ ಆಡ್ಗೆ ಒಳಿಕ್ ಬರ್ಲಿ ಅಂತ ಆಸೆ ಕಣವ್ವ.”

ಆ ಮಾತು ನನ್ನನ್ನು ಸುಟ್ಟುಹಾಕಿತು. ನನಗೆ ತಂದ ಹಾಡು. ನನಗೆ ಅಳು ಕೊಟ್ಟು, ನಗುವನ್ನು ಮಗಳಿಗೆ ಎತ್ತಿಟ್ಟಿದ್ದರು.

“ಎರಡೂ ಪೆನ್‌ಡ್ರೈವಲ್ಲಿದೆ,” ಅಂದೆ. “ಮದುವೆ ದಿನ ಹುಡುಗಿ ಒಳಗೆ ಬರೋಕ್ಕೆ ಮೊದಲು ನೀವು ಮೈ‌ಕ್ ಹಿಡಿದು ಅವತ್ತು ಬ್ಯಾಟರಿ ಕೂತೋಗಿತ್ತು, ನಾನು ಸುಳ್ಳು ಹೇಳಿದ್ದೆ ಅನ್ನಬೇಕು. ಅಂದ್ರೆ ನಗೋದು. ಇಲ್ಲದಿದ್ರೆ ಅಳೋದು.”

“ಬೀಗ್ರು ಎದುರ್ಗಾ? ಬ್ಯಾಡ ಕಣವ್ವ.”

“ನನ್ ಮದುವೇಲೂ ಬೀಗರ ಎದುರಿಗೇ ಆಗಿದ್ದು.”

“ಇದು ಸರೀನಾ ನೀನೇ ಯೋಳು.”

“ನನ್ ಕಂಪ್ಯೂಟರು, ನನ್ ಪೆನ್‌ಡ್ರೈವು, ನನ್ನಿಷ್ಟ,” ಅಂದೆ. ಆ ಮಾತನ್ನು ವಾಪಸು ಕೊಡುವುದಕ್ಕೆ ಮೂವತ್ತು ವರ್ಷದಿಂದ ಕಾದಿದ್ದೆ.

ವಿಷಯ ನನ್ನ ಗಂಡನ ಕಿವಿಗೂ ಬಿತ್ತು. ಅವರು ಅಣ್ಣನ ಜೊತೆ ಗದ್ದೆ ಬದುವಿನ ಮೇಲೆ ಕದ್ದು ಮಾತಾಡುವವರು, ಅದು ನನಗೆ ಗೊತ್ತಿದೆ ಎಂದು ಅವರಿಗೂ ಗೊತ್ತು. “ಆ ಮಗು ಮದ್ವೆ ಕಣೆ, ಬುಟ್ಬುಡು ಅತ್ಲಾಗೆ,” ಅಂದರು. ನಾನು ಬಿಟ್ಟಿದ್ದು ಮಾತು, ಕೋಪ ಅಲ್ಲ ಎಂದು ಹೇಳಿ ಅವರ ತಟ್ಟೆಗೆ ಮುದ್ದೆ ಹಾಕಿದೆ. ಆಮೇಲೆ ಅವರು ಆ ವಿಷಯ ಎತ್ತಲಿಲ್ಲ.

ಮದುವೆ ಮದ್ದೂರಿನ ಒಂದು ಚೌಲ್ಟ್ರಿಯಲ್ಲಿ. ನಾನು ಪೆನ್‌ಡ್ರೈವನ್ನು ಪರ್ಸಿನಲ್ಲಿ ಇಟ್ಟುಕೊಂಡು ಸೌಂಡಿನವನ ಪಕ್ಕದ ಕುರ್ಚಿಯಲ್ಲೇ ಕೂತೆ. ಅವನ ಲ್ಯಾಪ್‌ಟಾಪಿಗೆ ಚುಚ್ಚಿಸಿ, ಮೊದಲನೆಯದು ಅಥವಾ ಎರಡನೆಯದು, ನಾನು ಹೇಳಿದಾಗ ಹಾಕು ಅಂದೆ. ನಿಜ ಹೇಳಿದರೆ ಭಾವ ಹೇಳುವುದಿಲ್ಲ ಎಂದೇ ನನಗೆ ಖಾತ್ರಿಯಿತ್ತು. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬರುವುದಿಲ್ಲ ಎಂದು ಬದುಕಿದವರು ಅವರು. ಬಾಗಿಲ ಹೊರಗೆ ಹುಡುಗಿ ಹಸಿರು ಸೀರೆಯಲ್ಲಿ, ಕಳಶ ಹಿಡಿದವರ ಹಿಂದೆ ತಲೆತಗ್ಗಿಸಿ ನಿಂತಿದ್ದಳು. ಸಣ್ಣವಳಿದ್ದಾಗ ಗೋಡೆಯ ಮೇಲಿಂದ ‘ಚಿಕ್ಕವ್ವಾ, ಕರಿಬೇವು’ ಎಂದು ಕೈ ನೀಡುತ್ತಿದ್ದ ಮಗು. ನಾನು ಅವಳ ಕಡೆ ನೋಡದ ಹಾಗೆ ಕೂತಿದ್ದೆ.

ಭಾವ ಮೈಕ್ ಹಿಡಿದರು. ಹಳೇ ಚಾಳಿಯಂತೆ ಉಫ್ ಎಂದು ಊದಿ, ಎರಡು ಸಲ ಬೆರಳಲ್ಲಿ ತಟ್ಟಿ, “ಅಲೋ, ಅಲೋ, ಮೈಕ್ ಟೆಸ್ಟಿಂಗ್,” ಅಂದರು. ಆಮೇಲೆ ಒಂದೇ ಉಸಿರಿಗೆ ಹೇಳಿಬಿಟ್ಟರು.

“ನನ್ ತಮ್ಮನ ಮದ್ವೇಲಿ ನಾನು ಅಳೋ ಪ್ಲೇಟ್ ಆಕ್ದೆ ಅಂತಿದ್ರಲ್ಲ. ಆಕ್ಲಿಲ್ಲ. ಬ್ಯಾಟ್ರಿ ಕೂತೋಗಿತ್ತು. ಬೇಕು ಅಂತ ಆಕ್ದೆ ಅಂದಿದ್ದು ಸುಳ್ಳು.”

ಹಿಂದಿನ ಸಾಲಿನ ಹುಡುಗರಿಗೆ ತಲೆಬುಡ ತಿಳಿಯಲಿಲ್ಲ. ಊರಿನ ಹಳಬರು ಮಾತ್ರ ಕುರ್ಚಿ ಅಲುಗುವ ಹಾಗೆ ನಕ್ಕರು. “ಲೋ, ಡೌನಪ್ಪ!” ಎಂದು ಯಾರೋ ಕೂಗಿದರು. ಭಾವನ ಕಿವಿ ಕೆಂಪಾಯಿತು. ನಾನು ಸೌಂಡಿನವನಿಗೆ ಎರಡನೆಯದು ಅಂದೆ. ಆ ಹುಡುಗಿಯ ಎಳೆ ಗಂಟಲು ಚೌಲ್ಟ್ರಿ ತುಂಬಿತು, ಹಸಿರು ಸೀರೆ ಬಲಗಾಲಿಟ್ಟು ಒಳಗೆ ಬಂತು. ನನಗೆ ತಂದಿದ್ದ ಹಾಡನ್ನು ಇಷ್ಟು ಜನರ ನಡುವೆ ಕೂತು ನಾನು ಮೊದಲ ಸಲ ಕೇಳಿದೆ.

ಊಟಕ್ಕೆ ಕೂತಾಗ ಭಾವ ಎಲೆಯ ಮುಂದೆ ಬಂದು ನಿಂತರು. “ಸಾಕೇನವ್ವ?” ಅಂದರು. ಬಡಿಸುವವರು ಕೇಳುವ ಮಾತಿನ ಹಾಗೆ ಅದನ್ನು ಕೇಳಿದರೂ ಕೇಳುತ್ತಿದ್ದದ್ದು ಏನೆಂದು ಇಬ್ಬರಿಗೂ ಗೊತ್ತಿತ್ತು. ಸಾಕು ಅನ್ನುವ ಮಾತು ನನ್ನ ನಾಲಗೆಯ ತುದಿಯವರೆಗೂ ಬಂದಿತ್ತು.

ಅಷ್ಟರಲ್ಲಿ ಪಕ್ಕದ ಎಲೆಯಿಂದ ಬಂಡೂರಿನ ಅತ್ತೆ ಬಾಯಿ ಹಾಕಿದರು. ಅವತ್ತು ಆರತಿ ಹಿಡಿದಿದ್ದವರೇ, ಈಗ ಹಲ್ಲಿಲ್ಲದ ಮುದುಕಿ, ಪಾಯಸ ಮಾತ್ರ ಕುಡಿಯುತ್ತಿದ್ದರು.

“ಇದ್ಯಾವ ದೊಡ್ ಗುಟ್ಟು ಅಂತ ಮೈಕಲ್ಲಿ ಯೋಳ್ದ್ಯಲ್ಲಾ? ಅವತ್ತು ನೀನು ಇತ್ಲಲ್ಲಿ ಬ್ಯಾಟ್ರಿ ಒತ್ಕಂಡೋಗಿ ಚಾರ್ಜ್ ಆಗ್ಲಿ ಅಂತ ಟ್ಯಾಕ್ಟ್ರಿಗೆ ತಗ್ಲಾಕ್ತಿದ್ದುದ್ನ ನಾನೇ ನೋಡ್ನಿಲ್ವಾ?”

ನನ್ನ ಕೈ ಎಲೆಯ ಮೇಲೇ ನಿಂತಿತು. “ನಿಮಗೆ ಗೊತ್ತಿತ್ತಾ ಅತ್ತೆ? ಒಂದು ಮಾತು ನನಗೆ ಹೇಳೋದಲ್ವಾ?”

“ನೀನು ಕೇಳಿದ್ಯಾ? ನಿಮ್ಮವ್ವಂಗೆ ಯೋಳಿದ್ದೆ.”

“ನಮ್ಮವ್ವಂಗಾ?”

“ಊಂ ಕಣವ್ವ. ಮಳವಳ್ಳಿ ಸಂತೇಲಿ ಸಿಕ್ಕಿದ್ಲು, ನಿನ್ ಮದ್ವೆ ಆಗಿ ಒಂದ್ ತಿಂಗ್ಳೂ ಆಗಿರ್ನಿಲ್ಲ. ಅಳೋ ಪ್ಲೇಟಲ್ಲ ಕಣಕ್ಕ, ಬ್ಯಾಟ್ರಿ ಕೂತೋಗಿತ್ತು, ಕ್ವಾಪ ಬುಡು ಅಂದೆ. ಸೊಪ್ಪಿನ ಕಂತೆ ಒದರ್ತಾ ಒದರ್ತಾ ಏನಂದ್ಲು ಗೊತ್ತಾ? ‘ಅವನ್ ಬ್ಯಾಟ್ರಿ ಕೂತೋಗಿತ್ತು, ಸರಿ. ಬಾಯೂ ಕೂತೋಗಿತ್ತಾ?’ ಅಂದ್ಲು.”

ಕಲ್ಲುಬೆಂಚಿನ ಮೇಲೆ ರಾಗಿಹಿಟ್ಟಿನ ಗಂಟು ಇಟ್ಟುಕೊಂಡು ಕೂತಿರುತ್ತಿದ್ದಳಲ್ಲ ನಮ್ಮವ್ವ, ಅವಳಿಗೆ ಅಷ್ಟು ವರ್ಷವೂ ಗೊತ್ತಿತ್ತು. ಗೊತ್ತಿದ್ದೂ ಊರಿಗೆ ಬರಲಿಲ್ಲ. ಹಾಡಿಗೆ ಅವಳು ಸಿಟ್ಟಾಗಿದ್ದೇ ಅಲ್ಲ, ತಪ್ಪಾಯ್ತು ಅನ್ನದ ಬಾಯಿಗೆ.

ಭಾವ ಇನ್ನೂ ಎಲೆಯ ಮುಂದೆಯೇ ನಿಂತಿದ್ದರು.

“ಸಾಕಾಗಲ್ಲ ಭಾವ,” ಅಂದೆ. “ನಾನು ಸಾಕು ಅಂದ್ರೂ ಸಾಕಾಗಲ್ಲ. ಅನ್ನಬೇಕಾಗಿದ್ದೋಳು ನಮ್ಮವ್ವ.”

ಅವರು ತಲೆಯಾಡಿಸಿ ಮುಂದಿನ ಎಲೆಗೆ ಹೋದರು. ಪೆಟ್ಟಿಗೆಯನ್ನೂ ಟ್ರಂಕನ್ನೂ ಆಮೇಲೆ ಆಟೋದಲ್ಲಿ ಕಳಿಸಿಕೊಟ್ಟೆ. ಆ ಚಿಕ್ಕ ಪ್ಲೇಟು ಮಾತ್ರ ನನ್ನ ಅಂಗಡಿಯಲ್ಲೇ ಇದೆ, ಅದು ನನಗೆ ತಂದದ್ದು.